ಮನೆ ನೋಡುವ ಮುನಿಕೃಷ್ಣಮ್ಮ

ಜಕ್ಕೂರಿನ ಹಳೇ ಊರಿನಲ್ಲಿ ಹೆಣ್ಣು ಹೆತ್ತವರು ಯಾರೇ ಇರಲಿ, ಗಂಡಿನ ಜಾತಕ ಕೂಡಿಬಂತು ಎಂದ ಕೂಡಲೇ ಜೋಯಿಸರ ಮನೆಯಿಂದ ನೆಟ್ಟಗೆ ಮುನಿಕೃಷ್ಣಮ್ಮನ ಮನೆಗೆ ಬರುತ್ತಿದ್ದರು. ಜಾತಕ ಕೂಡಿದರೆ ಸಾಕೇ, ಮನೆ ಕೂಡಬೇಡವೇ? ಗಂಡಿನ ಮನೆ ನೋಡಲು ಹೊರಡುವ ದಂಡಿನಲ್ಲಿ ಸೋದರಮಾವ, ದೊಡ್ಡಪ್ಪ, ಊರ ಯಜಮಾನರು ಎಲ್ಲ ಇರುತ್ತಿದ್ದರು, ನಿಜ. ಆದರೆ ಅವರೆಲ್ಲ ಹೋಗುತ್ತಿದ್ದುದು ಕಾಫಿ ಕುಡಿಯುವುದಕ್ಕೆ. ಹೂಂ ಅನ್ನುವುದೋ ಊಹೂಂ ಅನ್ನುವುದೋ ತೀರ್ಮಾನವಾಗುತ್ತಿದ್ದುದು ಮುನಿಕೃಷ್ಣಮ್ಮನ ಬಾಯಿಂದ.

ಆಕೆಯ ಕ್ರಮವೇ ಬೇರೆ. ಗಂಡಸರು ನಡುಮನೆಯ ಜಮಖಾನದ ಮೇಲೆ ಕೂತು ತೋಟವೆಷ್ಟು, ಬೋರ್‌ವೆಲ್ ಎಷ್ಟು ಆಳ ಎಂದು ವಿಚಾರಿಸುವಾಗ ಈಕೆ "ಒಸಿ ಕಾಲು ತೊಳ್ಕೊಂಡ್ ಬತ್ತೀನಿ" ಎಂದು ಹಿತ್ತಲಿಗೆ ಹೋಗುವಳು. ಬಚ್ಚಲ ಹಂಡೆಯೊಳಗೆ ಇಣುಕುವಳು. ಕೊಟ್ಟಿಗೆಯ ಹಸುವಿನ ಪಕ್ಕೆ ಸವರುವಳು. ಕುಡಿಯಲು ನೀರು ಕೇಳಿ, ಯಾರು ತಂದುಕೊಡುತ್ತಾರೆ, ತಂದವರ ಮುಖ ಹೇಗಿದೆ ಎಂದು ನೋಡುವಳು. ಆ ಮನೆಗೆ ಮೊದಲೇ ಬಂದ ಸೊಸೆಯೊಬ್ಬಳಿದ್ದರೆ ಅವಳ ತಲೆಗೂದಲಿಗೆ ಎಣ್ಣೆ ಬಿದ್ದಿದೆಯೋ ಇಲ್ಲವೋ ಎಂಬುದು ಈಕೆಗೆ ಗೊತ್ತಾಗಲೇಬೇಕು. ಕಡೆಗೆ ಎದುರು ಮನೆಯ ಜಗಲಿಯಲ್ಲಿ ಎಲೆಅಡಿಕೆಯ ನೆಪದಲ್ಲಿ ಒಂದು ಗಳಿಗೆ ಕೂತೆದ್ದರೆ ಮುಗಿಯಿತು.

ಒಮ್ಮೆ ಸಂಪಿಗೇಹಳ್ಳಿಯ ಕಡೆ ಒಂದು ಮನೆಗೆ ಹೋಗಿದ್ದರು. ನೆಲದಲ್ಲಿ ಮುಖ ಕಾಣುವಂಥ ಗ್ರಾನೈಟು. ದಂಡೆಲ್ಲ ಬಾಯಿಬಿಟ್ಟುಕೊಂಡು ಕೂತಿದ್ದಾಗ ಮುನಿಕೃಷ್ಣಮ್ಮ ಹಿತ್ತಲಿನಿಂದ ಬಂದವಳೇ ಟೆಂಪೋ ಹತ್ತಿ ಕೂತಳು. ಯಾಕೆಂದು ಕೇಳಿದರೆ, "ಅಸುವಿಗೆ ಉಲ್ಲಿಲ್ಲ, ನೆಲಕ್ಕೆ ಪಾಲೀಸು. ಅಲ್ಲಿ ನಮ್ಮುಡ್ಗಿ ನೆಲ ಒರೆಸ್ಕೊಂಡು ಬಿದ್ದಿರ್ಬೇಕಾ?" ಎಂದಳು. ಕಾಲ ಬದಲಾಗಿ ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆದಮೇಲೂ ಆಕೆಗೆ ಬೇಡಿಕೆ ಕಡಿಮೆಯಾಗಲಿಲ್ಲ. ಹದಿನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಹೋಗಿ "ಇತ್ಲೆಲ್ಲಿ?" ಎಂದು ಕೇಳಿದಳಂತೆ. ಅವರು ಕಕ್ಕಾಬಿಕ್ಕಿಯಾಗಿ ಅಡುಗೆಮನೆಯ ಹಿಂದಿನ ಯುಟಿಲಿಟಿ ತೋರಿಸಿದರೆ, ವಾಷಿಂಗ್ ಮೆಷಿನ್ನಿನ ಮುಚ್ಚಳ ತೆಗೆದು, ಒಳಗೆ ಕೈಹಾಕಿ ನೋಡಿ, "ಅಡ್ಡಿಯಿಲ್ಲ" ಎಂದಳಂತೆ. ಆ ಹುಡುಗಿ ಈಗಲೂ ಅಲ್ಲಿ ಸುಖವಾಗಿದ್ದಾಳೆ.

ಒಂದು ಕಟ್ಟಳೆಯನ್ನು ಮಾತ್ರ ಆಕೆ ಯಾವತ್ತೂ ಮುರಿದವಳಲ್ಲ. ಮನೆ ನೋಡಲು ಹೋಗುವಾಗ ಹೆಣ್ಣನ್ನು ಕರೆದೊಯ್ಯುವಂತಿಲ್ಲ. "ಅದ್ಕೇನ್ ತಿಳೀತದೆ, ಗೋಡೆ ಬಣ್ಣ ನೋಡ್ಕೊಂಡು ಮರುಳಾಗ್ತದೆ" ಎನ್ನುವಳು. ಹೆಣ್ಣಿನ ಬದುಕಿನ ಮನೆಯನ್ನು ಹೆಣ್ಣೊಂದನ್ನು ಬಿಟ್ಟು ಊರೆಲ್ಲ ನೋಡುವ ಈ ಪದ್ಧತಿಯಲ್ಲಿ ಅವಳಿಗಾಗಲಿ ಊರಿಗಾಗಲಿ ಒಂದು ಹುಳುಕೂ ಕಂಡಿರಲಿಲ್ಲ. ಅವಳನ್ನೂ ಹಾಗೆಯೇ ಕೊಟ್ಟಿದ್ದರಲ್ಲ.

ಅವಳನ್ನು ಕೊಟ್ಟಿದ್ದು ಅವಳ ಅಕ್ಕ ಸುಬ್ಬಮ್ಮನ ಮನೆಗೇ. ಅಕ್ಕನಿಗೆ ಅಣ್ಣ ಚಿಕ್ಕಬೈರಪ್ಪ, ತಂಗಿಗೆ ತಮ್ಮ ಮುನಿವೆಂಕಟಯ್ಯ. ಅಲ್ಲಿಂದ ಇಲ್ಲಿಯವರೆಗೆ ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಜಗಳವಾಡುತ್ತ ಬಂದರು. ಜಗಳವಾಡದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ. ಅದರಲ್ಲಿ ಮುನಿಕೃಷ್ಣಮ್ಮನ ಕಾಯಂ ಬಾಣ ಒಂದಿತ್ತು: "ನಿಂಗೆ ಕಳೆ ಕೀಳಕ್ಕೆ ಆಳು ಸಾಲದೆ ಬಂತು, ಅದ್ಕೇ ನನ್ನ ತಂದಾಕ್ಕೊಂಡೆ." ಅದಕ್ಕೆ ಸುಬ್ಬಮ್ಮ "ಊಂ ಕಣೆ, ಆಳು" ಎಂದು ಇನ್ನೊಂದು ಮುದ್ದೆಯನ್ನು ತಂಗಿಯ ತಟ್ಟೆಗೆ ಹಾಕುವಳು. ಗಂಡಂದಿರು ಹೋದರು, ಹಳೇ ಮನೆ ಹೋಗಿ ಅದೇ ಜಾಗದಲ್ಲಿ ಸುಬ್ಬಮ್ಮನ ಮಗ ಗಿರಿ ಮೂರಂತಸ್ತು ಎಬ್ಬಿಸಿದ. ಜಗಳ ಮಾತ್ರ ಕೆಳಗಿನ ಮನೆಯಲ್ಲಿ ಗೃಹಪ್ರವೇಶದ ದಿನವೇ ಮುಂದುವರಿಯಿತು.

ಆಮೇಲೆ ಸುಬ್ಬಮ್ಮನಿಗೆ ಮರೆವು ಬಂತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಬರಬರುತ್ತ ಗಂಡನ ಹೆಸರು ಹೋಯಿತು, ಮಗನ ಮುಖ ಆಗಾಗ ಹೋಗಿ ಬರತೊಡಗಿತು. ಬೆಳಿಗ್ಗೆ ಎದ್ದು ರಾಗಿ ಹೊಲಕ್ಕೆ ಹೊರಟುಬಿಡುವಳು. ಆ ಹೊಲದಲ್ಲಿ ಈಗ ಒಂದು ದೊಡ್ಡ ಅಪಾರ್ಟ್‌ಮೆಂಟಿದೆ. "ನಮ್ಮೊಲಕ್ಕೆ ಯಾವನೋ ಗೇಟ್ ಆಕಿದ್ದು?" ಎಂದು ಸೆಕ್ಯೂರಿಟಿಯವರನ್ನು ಬೈದು ಬೆವರಿಳಿಸುವಳು. ಅವರು ಒಳ್ಳೆಯವರು, ಕುರ್ಚಿ ಹಾಕಿ ಕೂರಿಸಿ ಮನೆಗೆ ಫೋನು ಮಾಡುತ್ತಿದ್ದರು. ಮನೆಯವರೆಲ್ಲ ನಗುತ್ತಿದ್ದರು.

ಯುಗಾದಿ ಆದಮೇಲೆ ಒಂದು ದಿನ ನಗು ನಿಂತಿತು. ಸುಬ್ಬಮ್ಮ ಹೊಲದ ದಾರಿ ಬಿಟ್ಟು ಏರ್‌ಪೋರ್ಟ್ ರಸ್ತೆಗೆ ಹೋಗಿ, ಕಾರುಗಳು ಗಾಳಿಯಂತೆ ನುಗ್ಗುವ ಜಾಗದಲ್ಲಿ ನಡುರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ತೋರಿಸುತ್ತಿದ್ದಳು. ಟ್ರಾಫಿಕ್ ಪೊಲೀಸರೊಬ್ಬರು ರಟ್ಟೆ ಹಿಡಿದು ಪಕ್ಕಕ್ಕೆ ತಂದರು. ಹಗಲೂ ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂದರು ಡಾಕ್ಟರು. ಯಾರು ನೋಡಿಕೊಳ್ಳುವುದು? ಗಿರಿಯ ಹೆಂಡತಿ ಶಾಂತಲಾ ಅತ್ತೆಯ ಹಿಂದೆ ಓಡಿ, ಹಿಡಿದು ಮೀಯಿಸಿ ಬೆನ್ನು ಹಿಡಿಸಿಕೊಂಡಿದ್ದಳು. ಮುನಿಕೃಷ್ಣಮ್ಮನ ಮಂಡಿ ಮಡಿಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಿಚುತ್ತಿರಲಿಲ್ಲ. ಕೆಲಸಕ್ಕೆಂದು ಬಂದ ಹೆಂಗಸರು ಸುಬ್ಬಮ್ಮನ ಬೈಗುಳ ತಾಳದೆ ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋದರು.

"ಇಂಥವರನ್ನ ನೋಡ್ಕೊಳ್ಳೋಕೇ ಅಂತ ಮನೆಗಳಿವೆ ಚಿಕ್ಕಮ್ಮ" ಎಂದು ಗಿರಿ ಬಾಯಿಬಿಟ್ಟ ದಿನ ಮುನಿಕೃಷ್ಣಮ್ಮ ಮೂರಂತಸ್ತಿಗೂ ಕೇಳುವಂತೆ ಕೂಗಾಡಿದಳು. ಗಿರಿ ಬಿಲ್ಡರು. ಯಾರನ್ನು ಯಾವ ದಾರಿಯಲ್ಲಿ ಒಪ್ಪಿಸಬೇಕೆಂದು ಬಲ್ಲವನು. ಕೂಗು ಮುಗಿಯುವವರೆಗೆ ಸುಮ್ಮನಿದ್ದು ಹೇಳಿದ: "ನೀನೇ ಬಂದು ಮನೆ ನೋಡು. ನೀನು ಒಪ್ಪಿದ ಮನೇಗೆ ಮಾತ್ರ ಅಮ್ಮನ್ನ ಕಳ್ಸೋದು. ನೀನು ಬೇಡ ಅಂದ್ರೆ ಬೇಡ."

ಮನೆ ನೋಡು ಎಂದರೆ ಮುನಿಕೃಷ್ಣಮ್ಮ ಸುಮ್ಮನೆ ಕೂರುವ ಪೈಕಿಯೇ? ಮಾರನೆಯ ದಿನ ಬೆಳಿಗ್ಗೆ ರೇಷ್ಮೆ ಅಂಚಿನ ಸೀರೆ ಉಟ್ಟು, ಅಕ್ಕನನ್ನು ಶಾಂತಲಾಳ ಕೈಗೊಪ್ಪಿಸಿ, ಕಾರಿನಲ್ಲಿ ಮುಂದಿನ ಸೀಟಿಗೆ ಬಂದು ಕೂತಳು.

ಮೊದಲನೆಯ ಮನೆ ಹೆಬ್ಬಾಳದ ಹತ್ತಿರ. ಹೋಟೆಲಿನಂಥ ಬಾಗಿಲು, ಒಳಗೆ ತಣ್ಣನೆಯ ಗಾಳಿ. ಸಿದ್ದಲಿಂಗ ಎಂಬ ಟೈ ಕಟ್ಟಿದ ಮ್ಯಾನೇಜರು ಕಾರಿನ ಬಾಗಿಲನ್ನು ತಾನೇ ತೆಗೆದ. "ಬನ್ನಿ ಅಮ್ಮ, ನಮ್ಮಲ್ಲಿ ಎಲ್ಲಾ ಇದೆ" ಎಂದು ತೋರಿಸತೊಡಗಿದ. ನೀರು ಕೇಳಿದರೆ ನೀರೂ ಅವನೇ ತಂದ. ಬಚ್ಚಲು ತೋರಿಸಿದವನೂ ಅವನೇ. ಒಳಗಿರುವವರನ್ನು ಮಾತಾಡಿಸಬೇಕು ಎಂದರೆ "ಈಗ ರೆಸ್ಟ್ ಟೈಮ್ ಅಮ್ಮ" ಎಂದ. ಎರಡನೆಯ ಸಲ ಕೇಳಿದಾಗಲೂ ರೆಸ್ಟ್ ಟೈಮ್. ಮುನಿಕೃಷ್ಣಮ್ಮ ಹೊರಬಂದು ಗಿರಿಗೆ ಹೇಳಿದಳು: "ಸೊಸೇನ ತೋರಿಸ್ದೆ ಇರೋ ಮನೇಗೆ ಎಣ್ಣು ಕೊಡಬಾರ್ದು." ಗಿರಿಗೂ ಸರಿ ಎನ್ನಿಸಿತು.

ಎರಡನೆಯದು ಯಲಹಂಕ ಉಪನಗರದಲ್ಲಿ. ಅಲ್ಲಿ ಎಲ್ಲರನ್ನೂ ಧಾರಾಳವಾಗಿ ತೋರಿಸಿದರು. ಚೊಕ್ಕವಾಗಿತ್ತು, ಊಟವೂ ಚೆನ್ನಾಗಿತ್ತು. ಆದರೆ ಹಜಾರದಲ್ಲಿ ಕೂತಿದ್ದ ಅಷ್ಟೂ ಹೆಂಗಸರ ಕೂದಲು ಕಿವಿಯ ಮೇಲಕ್ಕೆ ಒಂದೇ ಸಮ ಕತ್ತರಿಸಿತ್ತು. ಬಾಚುವುದಕ್ಕೆ ಸುಲಭವಾಗಲಿ ಎಂದು, ಹೇನಾಗದಿರಲಿ ಎಂದು ಅವರು ವಿವರಿಸಿದರು. ಮುನಿಕೃಷ್ಣಮ್ಮ ಕಾರಿನಲ್ಲಿ ಕೂತಮೇಲೆ ತನ್ನ ತುರುಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಅವ್ರನ್ ಒಂದ್ ಮಾತು ಕೇಳಿ ಕತ್ತರಿಸಿದ್ರೆ ನನ್ ಎಸ್ರು ಬದಲಾಯ್ಸು" ಎಂದಳು. ಗಿರಿ ಗಾಡಿ ತಿರುಗಿಸಿದ.

ಮೂರನೆಯದರಲ್ಲಿ ಬಂತು ತೊಂದರೆ. ಜಕ್ಕೂರು ಕೆರೆಯ ಆಚೆ ದಡದಲ್ಲಿ ಗಂಡ ಹೆಂಡತಿ ಇಬ್ಬರೂ ನರ್ಸುಗಳಾಗಿದ್ದವರು ನಡೆಸುತ್ತಿದ್ದ ಮನೆ ಅದು. ಬಚ್ಚಲು ಒಣಗಿತ್ತು. ನೀರು ತಂದುಕೊಟ್ಟ ಹುಡುಗಿಯ ಮುಖ ಅರಳಿತ್ತು. ಮಧ್ಯಾಹ್ನಕ್ಕೆ ಮುದ್ದೆ, ಉಪ್ಸಾರು. ಎದುರು ಮನೆಯಾಕೆ ಆ ದಂಪತಿಗಳನ್ನು ಬಾಯ್ತುಂಬ ಹೊಗಳಿದಳು. ಮುನಿಕೃಷ್ಣಮ್ಮ ಅಂಗಳದಲ್ಲಿ ಬಹಳ ಹೊತ್ತು ನಿಂತು ಮೊಸರಲ್ಲಿ ಕಲ್ಲು ಹುಡುಕಿದಳು. ಕೊನೆಗೆ ಸಿಕ್ಕಿತು.

"ಬಾಗ್ಲು ದಕ್ಷಿಣಕ್ಕೈತೆ. ಬ್ಯಾಡ."

"ನಮ್ಮನೆ ಬಾಗಿಲೂ ದಕ್ಷಿಣಕ್ಕೇ ಇರೋದು ಚಿಕ್ಕಮ್ಮ" ಎಂದ ಗಿರಿ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ಮನೆ ನೋಡ್ತಿಲ್ಲ, ಸಂಬಂಧ ಮುರೀತಿದೀಯ."

ಊರಿಗೆಲ್ಲ ಮನೆ ನೋಡಿಕೊಟ್ಟವಳಿಗೆ ಇಂಥ ಮಾತೇ? ಅದೂ ತಾನು ಎತ್ತಿ ಆಡಿಸಿದ ಹುಡುಗನ ಬಾಯಲ್ಲಿ! ಮುನಿಕೃಷ್ಣಮ್ಮ ಅವನೊಂದಿಗೆ ಮಾತು ಬಿಟ್ಟಳು. ಆದರೆ ಮಾತು ಬಿಟ್ಟವಳಿಗೆ ನಿದ್ದೆಯೂ ಬಿಟ್ಟಿತು, ಏಕೆಂದರೆ ಗಿರಿ ಹೇಳಿದ್ದು ನಿಜವಾಗಿತ್ತು. ಅವಳಿಗೆ ಭಯ. ಅಕ್ಕ ಹೋದರೆ ಈ ಮನೆಯಲ್ಲಿ ತಾನು ಯಾರೊಂದಿಗೆ ಜಗಳವಾಡುವುದು? ಎಲ್ಲರಿಗೂ ಅವಳು ಚಿಕ್ಕಮ್ಮ, ಚಿಕ್ಕತ್ತೆ, ಅಜ್ಜಿ. ಬೆಳಿಗ್ಗೆ ಎದ್ದು "ಲೇ ಕಿಟ್ಟಮ್ಮ" ಎಂದು ಕರೆಯುವವರು ಈ ಭೂಮಿಯ ಮೇಲೆ ಇನ್ನೊಬ್ಬರಿದ್ದಾರೆಯೇ? ಬೇರೆಲ್ಲರ ಹೆಸರು ಮರೆತ ಸುಬ್ಬಮ್ಮ ಅದೊಂದನ್ನು ಇನ್ನೂ ಮರೆತಿರಲಿಲ್ಲ.

ಅದೇ ವಾರ ಒಂದು ಮಧ್ಯಾಹ್ನ ಶಾಂತಲಾ ಬ್ಯಾಂಕಿಗೆ ಹೋಗಿದ್ದಳು. ಅಕ್ಕನ ಮಂಚದ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಮುನಿಕೃಷ್ಣಮ್ಮನಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಮಂಚ ಖಾಲಿ, ಬಾಗಿಲು ತೆರೆದಿದೆ. ಮಂಡಿನೋವು ಮರೆತು ಬೀದಿಯ ಕೊನೆಯವರೆಗೂ ಓಡಿದಳು. ಅಷ್ಟರಲ್ಲಿ ಪಕ್ಕದ ಬೀದಿಯ ನಯೀಮನ ಆಟೋ ಬಂತು. ಒಳಗೆ ಸುಬ್ಬಮ್ಮ, ಸೀರೆಯ ಸೆರಗು ಹರಿದಿದೆ, ಹಿಮ್ಮಡಿಯಲ್ಲಿ ರಕ್ತ.

"ಹೈವೇ ಮೇಲೆ ಇದ್ರಮ್ಮ. ಬೈಕಿನವನು ಸ್ವಲ್ಪದರಲ್ಲಿ ತಪ್ಪಿಸ್ದ" ಎಂದ ನಯೀಮ್. "ಇವತ್ತೇನೋ ನನ್ನ ಕಣ್ಣಿಗೆ ಬಿದ್ರು. ದಿನಾ ನಾನೇ ಆ ಕಡೆ ಇರ್ತೀನಾ?"

ಮುನಿಕೃಷ್ಣಮ್ಮ ಅಕ್ಕನ ಕಾಲು ತೊಳೆದು ಅರಿಶಿನ ಹಚ್ಚಿದಳು. ಹಚ್ಚುವಾಗ ತನ್ನನ್ನು ತಾನೇ ಬೈದುಕೊಂಡಷ್ಟು ಜನ್ಮದಲ್ಲಿ ಯಾರನ್ನೂ ಬೈದಿರಲಿಲ್ಲ. ಸಂಜೆ ಗಿರಿ ಬಂದಾಗ ಮೊದಲು ಮಾತಾಡಿದವಳು ಅವಳೇ. "ಕೆರೆ ಆಚೆಗಿನ ಮನೇನ ಕೇಳು ಓಗು." ಗಿರಿ ಫೋನು ಮಾಡಿದ. ಅಲ್ಲಿ ಅಷ್ಟರಲ್ಲೇ ಜಾಗ ತುಂಬಿಹೋಗಿತ್ತು. "ಚಿಕ್ಕಜಾಲದ ಹತ್ರ ಇನ್ನೊಂದಿದೆ" ಎಂದ. "ನಡಿ ಮತ್ತೆ" ಎಂದಳು.

ಭಾನುವಾರ ಹೊರಡುವ ಹೊತ್ತಿಗೆ ಶಾಂತಲಾಳ ತವರಿನಲ್ಲಿ ನಾಮಕರಣ. ಸುಬ್ಬಮ್ಮನನ್ನು ಬಿಟ್ಟುಹೋಗಲು ಯಾರೂ ಇಲ್ಲ. "ಅಮ್ಮನೂ ಬರ್ಲಿ ಬಿಡು" ಎಂದ ಗಿರಿ.

"ಎಣ್ಣನ್ನ ಕಟ್ಕೊಂಡು ಮನೆ ನೋಡಕ್ಕೆ ಓಗ್ತಾರೇನೋ? ಕಂಡವರು ಉಗೀತಾರೆ."

"ಹೆಣ್ಣು ಕಾರಲ್ಲೇ ಕೂತಿರ್ಲಿ ಚಿಕ್ಕಮ್ಮ. ನಾನು ಕಾವಲಿರ್ತೀನಿ. ನೀನು ಒಬ್ಳೇ ಹೋಗಿ ನೋಡ್ಕೊಂಡ್ ಬಾ."

ಹೈವೇ ಬಿಟ್ಟು ಮಣ್ಣಿನ ರಸ್ತೆಯಲ್ಲಿ ಸ್ವಲ್ಪ ಒಳಗೆ ಹೋದರೆ ಸೀಬೆ ಮರಗಳ ನಡುವೆ ಒಂದಂತಸ್ತಿನ ಹಳೆಯ ಮನೆ. ಮುನಿಕೃಷ್ಣಮ್ಮ ಎಂದಿನಂತೆ ಮುಂಬಾಗಿಲು ಬಿಟ್ಟು ಹಿಂದಕ್ಕೆ ಹೋದಳು. ಹಿತ್ತಲಿನ ಬಿಸಿಲಲ್ಲಿ ಕಲಾವತಿ ಎಂಬಾಕೆ ಒಬ್ಬ ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಆ ಮನೆಯ ಉಸ್ತುವಾರಿ ಆಕೆಯದೇ. ಅಜ್ಜಿ ಆಕೆಯ ಏಳು ತಲೆಮಾರನ್ನೂ ಹಿಡಿದು ಬೈಯುತ್ತಿತ್ತು. "ಬೈಯ್ರಿ ಅಜ್ಜಿ, ತಲೆ ಮಾತ್ರ ಅಲ್ಲಾಡಿಸ್ಬೇಡಿ" ಎನ್ನುತ್ತ ಕಲಾವತಿ ಜಡೆ ಹೆಣೆಯುತ್ತಿದ್ದಳು. ಪಕ್ಕದಲ್ಲಿದ್ದವಳಿಗೆ ತುರುಬು, ಅದರಾಚೆಯವಳಿಗೆ ಕ್ರಾಪು.

"ಅವ್ರದ್ಯಾಕೆ ಕತ್ತರಿಸಿದ್ದೀರಿ?" ಎಂದಳು ಮುನಿಕೃಷ್ಣಮ್ಮ, ಒಂದು ಹುಳುಕಾದರೂ ಸಿಕ್ಕೀತೆಂಬ ಆಸೆಯಿಂದ.

"ಅವ್ರು ಟೀಚರ್ ಆಗಿದ್ರಂತೆ ಅಮ್ಮ, ಮೊದಲಿಂದ್ಲೂ ಹಾಗೇ. ಉದ್ದ ಬಿಡೋಣ ಅಂದ್ರೆ ನಮಗೇ ಹೊಡೀತಾರೆ."

ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಂಬಿ ಹಾಕಿತ್ತು. ಗೇಟಿಗೆ ಬೀಗವಿತ್ತು, ಆದರೆ ಒಳಗೆ ಮರಗಳ ಸುತ್ತ ಬೇಕಾದಷ್ಟು ತಿರುಗಲು ದಾರಿಯಿತ್ತು. ಮೊದಲ ವಾರ ಮನೆಯವರೊಬ್ಬರು ಜೊತೆಗಿರಬಹುದು, ಆಮೇಲೆ ಯಾವಾಗ ಬೇಕಾದರೂ ಬಂದು ನೋಡಬಹುದು ಎಂದಳು ಕಲಾವತಿ. ಮುನಿಕೃಷ್ಣಮ್ಮನ ಎದೆ ಕುಸಿಯಿತು. ಇಷ್ಟು ಮನೆ ನೋಡಿದವಳಿಗೆ ಒಳ್ಳೆಯ ಮನೆ ಕಂಡು ಎದೆ ಕುಸಿದದ್ದು ಅದೇ ಮೊದಲು. ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡಲು ಹಜಾರಕ್ಕೆ ಬಂದಳು.

ಹಜಾರದ ನಟ್ಟನಡುವೆ ಕುರ್ಚಿಯಲ್ಲಿ ಸುಬ್ಬಮ್ಮ ಸೆರಗು ಹೊದ್ದು ಕೂತಿದ್ದಳು. ಹಿಂದೆ ಗಿರಿ ಬೆವರುತ್ತ ನಿಂತಿದ್ದ. "ಇಳೀತೀನಿ ಅಂತ ಹಟ ಹಿಡಿದ್ಲು ಚಿಕ್ಕಮ್ಮ, ನನ್ನ ಮಾತು ಎಲ್ಲಿ ಕೇಳ್ತಾಳೆ" ಎಂದ.

"ಈ ಮನೆ ಯಜಮಾನಗಿತ್ತಿ ಯಾರವ್ವ?" ಎಂದಳು ಸುಬ್ಬಮ್ಮ ಗಟ್ಟಿಯಾಗಿ.

"ನಾನೇ ಅಮ್ಮ" ಎಂದಳು ಹಿಂದೆಯೇ ಬಂದ ಕಲಾವತಿ, ಎಣ್ಣೆಗೈ ಒರೆಸಿಕೊಳ್ಳುತ್ತ.

"ನಮ್ ತಂಗೀಗೆ ಮನೆ ನೋಡಕ್ಕೆ ಬಂದಿದೀವಿ. ಕೂತ್ಕೊ. ಒಸಿ ಕೇಳೋದೈತೆ."

ಗಿರಿ ಬಾಯಿ ಹಾಕಲು ಹೋದ. ಕಲಾವತಿ ಕಣ್ಣಿನಲ್ಲೇ ಅವನನ್ನು ತಡೆದು ಎದುರಿಗೆ ಕೂತಳು. ಸುಬ್ಬಮ್ಮನ ತಲೆಯಲ್ಲಿ ಯಾವ ವರ್ಷ ಓಡುತ್ತಿದೆ ಎಂದು ಮುನಿಕೃಷ್ಣಮ್ಮನಿಗೆ ಥಟ್ಟನೆ ಗೊತ್ತಾಯಿತು. ಅವ್ವ ಮೊದಲೇ ಹೋಗಿ, ಅಪ್ಪನೂ ತೀರಿಕೊಂಡಿದ್ದ ವರ್ಷ. ತಂಗಿಯ ಮದುವೆಯ ಭಾರ ಆಗ ಸುಬ್ಬಮ್ಮನ ಮೇಲೆ ಬಿದ್ದಿತ್ತು. ಎರಡು ಮೂರು ಮನೆ ನೋಡಿ ಬಂದು, ಯಾವುದೂ ಬೇಡ ಎಂದು, ಕಡೆಗೆ ತನ್ನ ಮೈದುನನಿಗೇ ಕೊಡಿಸಿದ್ದಳು. ಆ ಮನೆಗಳಲ್ಲಿ ಅವಳು ಏನು ಕೇಳಿದಳು, ಯಾಕೆ ಬೇಡವೆಂದಳು ಎನ್ನುವುದನ್ನು ತಂಗಿ ಎಂದೂ ಕೇಳಿರಲಿಲ್ಲ. ಹೆಣ್ಣನ್ನು ಯಾರು ಕರೆದೊಯ್ದಿದ್ದರು?

"ನಮ್ಮುಡ್ಗಿ ಕತ್ಲು ಅಂದ್ರೆ ಎದ್ರುಕೋತಾಳೆ. ಒಬ್ಳೇ ಮಲಗಲ್ಲ. ಪಕ್ಕದಲ್ಲಿ ಯಾರಾನಾ ಮಲಗ್ತೀರಾ?"

"ಮಲಗ್ತೀವಮ್ಮ. ದೀಪಾನೂ ಹಚ್ಚಿಟ್ಟಿರ್ತೀವಿ."

"ಉಣ್ಣಲ್ಲ ಅಂತ ಹಟ ಮಾಡ್ತಾಳೆ. ಬಲವಂತ ಮಾಡ್ಬೇಡಿ. ಒಂದ್ ಗಳಿಗೆ ಬಿಟ್ರೆ ತಾನೇ ಬತ್ತಾಳೆ."

"ಆಯ್ತಮ್ಮ."

"ಬಾಯಿ ಜಾಸ್ತಿ ಅವ್ಳಿಗೆ. ಬೈದ್ಲು ಅಂತ ನೀವು ವಾಪಸ್ ಬೈಬೇಡಿ. ಮನಸ್ಸಲ್ಲಿ ಏನೂ ಇಲ್ಲ. ತಾಯಿಲ್ಲದ್ ಮಗು ಅದು."

ಮುನಿಕೃಷ್ಣಮ್ಮ ಗೋಡೆಗೆ ಒರಗಿ ನಿಂತಳು. ಕಳೆ ಕೀಳಲು ಆಳು ಬೇಕಿತ್ತು ಎಂದು ತಾನು ಜೀವಮಾನವಿಡೀ ಹಂಗಿಸಿದ ಅಕ್ಕ ಇವಳೇ. ಕತ್ತಲಿಗೆ ಹೆದರುವ ತಂಗಿಯ ಪಕ್ಕದಲ್ಲಿ ಮಲಗಲು ಯಾರೂ ಇಲ್ಲವೆಂದು ಮನೆಮನೆಯನ್ನೂ ಬೇಡವೆಂದು ಬಂದವಳು. ಇನ್ನೂ ಒಂದು ವಿಷಯ ಅವಳನ್ನು ಚುಚ್ಚಿತು. ಈಗ ಕತ್ತಲಿಗೆ ಹೆದರುವವಳು ಸುಬ್ಬಮ್ಮ. ಉಣ್ಣುವುದಿಲ್ಲವೆಂದು ಹಟ ಮಾಡುವವಳು, ಎಲ್ಲರನ್ನೂ ಬೈಯುವವಳು ಸುಬ್ಬಮ್ಮ. ಅಕ್ಕನಿಗಾಗಿ ಈ ಮಾತುಗಳನ್ನು ಕೇಳಬೇಕಾಗಿದ್ದವಳು ತಾನು. ಹಂಡೆ ನೋಡಿದ್ದಾಯಿತು, ಬಾಗಿಲಿನ ದಿಕ್ಕು ನೋಡಿದ್ದಾಯಿತು, ಇದನ್ನು ಮಾತ್ರ ಯಾವ ಮನೆಯಲ್ಲೂ ಕೇಳಲಿಲ್ಲ.

"ಮತ್ತೆ ಮನೆ ಒಪ್ಪಿಗೇನಾ ಅಮ್ಮ?" ಎಂದಳು ಕಲಾವತಿ.

ಸುಬ್ಬಮ್ಮ ಎದ್ದು ಕೋಣೆಯೊಂದರ ಒಳಗೆ ಹೋದಳು. ಕಿಟಕಿ ತೆಗೆದು ಮುಚ್ಚಿ ನೋಡಿದಳು. ಮಂಚದ ಹಾಸಿಗೆಯನ್ನು ಅಂಗೈಯಿಂದ ಒತ್ತಿದಳು. "ಒಪ್ಪಿಗೆ" ಎಂದಳು. ಮುನಿಕೃಷ್ಣಮ್ಮನ ಕೈ ಹಿಡಿದು ಎಳೆದು ಆ ಮಂಚದ ಮೇಲೆ ಕೂರಿಸಿದಳು. ಗಲ್ಲ ಸವರಿ, "ಲೇ ಕಿಟ್ಟಮ್ಮ, ಅಳಬಾರ್ದು. ಇವ್ರು ಒಳ್ಳೆ ಜನ. ನಾನು ಬತ್ತೀನಿ" ಎಂದವಳೇ ಹೊರಗೆ ನಡೆದು, ಕಾರು ಹತ್ತಿ, ಬಾಗಿಲು ಹಾಕಿಕೊಂಡಳು.

ಗಿರಿಗೆ ನಗು ತಡೆಯಲಿಲ್ಲ. ಕಲಾವತಿಯೂ ನಕ್ಕಳು. ಕಳಿಸಬೇಕಾದವಳು ಕಾರಿನಲ್ಲಿ, ಕಳಿಸಲು ಬಂದವಳು ಮಂಚದ ಮೇಲೆ! ಮುನಿಕೃಷ್ಣಮ್ಮನೂ ನಗತೊಡಗಿದಳು. ನಗುತ್ತ ನಗುತ್ತಲೇ ಅದು ಅಳುವಾಯಿತು. ಮಂಚದ ತುದಿಯಲ್ಲಿ ಕೂತು, ತೆರೆದ ಬಾಗಿಲನ್ನೂ ಅದರಾಚೆ ಹೋದವರ ಬೆನ್ನನ್ನೂ ನೋಡುವುದೆಂದರೆ ಏನೆಂದು ಅವಳಿಗೆ ಆ ಹೊತ್ತು ತಿಳಿಯಿತು. ಅಕ್ಕ ತನ್ನನ್ನು ಕಣ್ಣೆದುರೇ ಇಟ್ಟುಕೊಂಡಿದ್ದರಿಂದ ತನಗೆ ಆ ಗಳಿಗೆ ಬಂದಿರಲಿಲ್ಲ. ತಾನು ಹೂಂ ಎಂದು ಕಳಿಸಿದ ಹುಡುಗಿಯರಿಗೆಲ್ಲ ಬಂದಿತ್ತು.

ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಎದ್ದು ಕಾರಿನ ಹತ್ತಿರ ಹೋದಳು. ಸುಬ್ಬಮ್ಮ ಹುಬ್ಬು ಗಂಟಿಕ್ಕಿದಳು. "ಯಾಕೆ ಬಂದೆ? ಒಪ್ಕೊಂಡ್ ಮನೆ ಬಿಟ್ಟು ಇಂಗೆ ಎದ್ದು ಬರಬಾರ್ದು ಕಣೆ."

"ಅಲ್ಲಿ ಒಬ್ಳೇ ಇರಕ್ಕೆ ನಂಗೆ ಭಯ ಆಯ್ತದೆ ಅಕ್ಕ" ಎಂದಳು ಮುನಿಕೃಷ್ಣಮ್ಮ. ಯೋಚಿಸಿ ಹೂಡಿದ ಮಾತಲ್ಲ, ಬಾಯಿಗೆ ಬಂದದ್ದು ಅಷ್ಟೇ. "ನೀನೂ ಬತ್ತೀಯಾ, ಆ ಮನೇಗೆ?"

ಈ ವಿಷಯದಲ್ಲಿ ಸುಬ್ಬಮ್ಮನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅವಳು ತಂಗಿಯ ಮುಖವನ್ನೇ ನೋಡಿದಳು. ಮುಖದ ಸಿಟ್ಟು ಇಳಿಯಿತು.

"ಅಯ್ಯೋ ಉಚ್ಚು ಮುಂಡೇದೆ, ಅಷ್ಟಕ್ಕೆ ಅಳ್ತಾರಾ? ಬತ್ತೀನಿ ಬಿಡು. ನೀನು ಒಂದ್ಕೊಳ್ಳೋಗಂಟ ಜೊತೇಲಿರ್ತೀನಿ. ಆಮ್ಯಾಕೆ ನಮ್ಮನೆ ನಮಗೈತೆ, ಓದ್ರಾಯ್ತು."

ಮುನಿಕೃಷ್ಣಮ್ಮ ಹೂಂ ಎಂದು ತಲೆಯಾಡಿಸಿದಳು. ತಲೆ ಎತ್ತಿದಾಗ ಗಿರಿ ಆಚೆ ತಿರುಗಿಕೊಂಡು ನಿಂತಿದ್ದ. "ನಾಳೆ ಸೋಮವಾರಾನೇ ಬತ್ತೀವಿ ಅಂತ ಒಳಗೆ ಯೋಳಿ ಬಾರಪ್ಪ" ಎಂದಳು. "ಮೊದಲ್ನೇ ವಾರ ನಾನೂ ಇರ್ತೀನಿ. ಆಮ್ಯಾಕೆ ದಿನಾ ಬಂದು ಓಗ್ತೀನಿ."

ಸುಬ್ಬಮ್ಮ ಸೀಟಿನಲ್ಲಿ ಸರಿದು ತಂಗಿಗೆ ಜಾಗ ಮಾಡಿಕೊಟ್ಟಳು.